ಆಡಿನ ಸ್ವರ, ತವರಿನ ಸೀರೆ

"ಕುರಿಗೆ ಬ್ಯಾ ಅನ್ನಾಕ, ಆಡಿಗೆ ಮ್ಯಾ ಅನ್ನಾಕ ಯಾವ ಮಾಸ್ತರ ಕಲಿಸ್ಯಾನಲೇ? ಹುಟ್ಟತಲೇ ಬರತೈತಿ. ಮನಷ್ಯಾಂದೂ ಹಂಗ. ಹಾಡಾಕ ಬಂದ್ರ ಹಾಡತಾನ, ಬರದಿದ್ರ ಬಾಯಿ ಮುಚ್ಚಿಕೊಂಡು ಕುಂದರತಾನ. ಅದನ್ನ ಕಲಸಾಕ ಒಬ್ಬ ಮಾಸ್ತರ ಬೇಕು, ಆ ಮಾಸ್ತರಗ ಕಲಸಾಕ ಕೊಲ್ಲಾಪುರದಾಗ ಒಂದು ವಿದ್ಯಾಪೀಠ ಬೇಕು! ಭಲೇ!"

ಹೀಗೆಂದವನು ಬಾಳಗೊಂಡ. ಬಸಿಯೊಳಗಿನ ಚಹಾವನ್ನು ಒಂದೇ ಗುಟುಕಿಗೆ ಒಳಗೆಳೆದು, ಮೀಸೆ ಒರೆಸಿಕೊಂಡು, ಎದುರು ಕುಳಿತಿದ್ದ ಅಕ್ಕನ ಮಗನನ್ನು ಸಂತೆಯಲ್ಲಿ ಹಲ್ಲು ನೋಡಿ ಬೇಡವೆಂದು ಬಿಟ್ಟ ಹೋತವನ್ನು ನೋಡುವಂತೆ ನೋಡಿದ. ಗಡಹಿಂಗ್ಲಜದ ಆಚೆ ಅವನ ಊರು. ದೊಡ್ಡ ಕುರಿಹಿಂಡು, ಅದರೊಳಗೊಂದಿಷ್ಟು ಆಡು, ಎಲ್ಲಕ್ಕೂ ಸೇರಿ ಸಾಲುವಷ್ಟು ಗಂಟಲು. ಉಣ್ಣೆ ಮಾರಲು ಇಚಲಕರಂಜಿಗೆ ಬಂದಾಗೆಲ್ಲ ಅಕ್ಕ ಸಾವಕ್ಕನ ಮನೆಯಲ್ಲಿ ಚಹಾ ಕುಡಿದು, ಸೋದರಳಿಯ ಧನರಾಜನನ್ನು ಬೈದು, ಮನಸ್ಸು ಹಗುರ ಮಾಡಿಕೊಂಡು ಹೋಗುವುದು ಅವನ ವಾಡಿಕೆ.

ಧನರಾಜ ಪಾವರಲೂಮಿನಲ್ಲಿ ಮಗ್ಗ ನಡೆಸುವವನು. ಮಗ್ಗದ ಖಟಖಟದಲ್ಲಿ ತಾನು ಹಾಡಿದ್ದು ತನಗೇ ಕೇಳದಿದ್ದ ಕಾರಣ ತಾನು ಬಹಳ ಚೆನ್ನಾಗಿ ಹಾಡುತ್ತೇನೆಂಬ ನಂಬಿಕೆ ಅವನಲ್ಲಿ ಗಟ್ಟಿಯಾಗಿ ಬೇರೂರಿತ್ತು. ಆ ನಂಬಿಕೆಯ ಕೈಹಿಡಿದೇ ಕೊಲ್ಲಾಪುರದ ವಿದ್ಯಾಪೀಠಕ್ಕೆ ಹೋಗಿ ಸಂಗೀತ ಶಿಕ್ಷಣಕ್ಕೆ ಹೆಸರು ಹಚ್ಚಿದ್ದ. ಹಗಲು ಎಸ್.ಟಿ. ಬಸ್ಸು ಹತ್ತಿ ಕ್ಲಾಸಿಗೆ, ಬಂದ ಮೇಲೆ ಮಗ್ಗಕ್ಕೆ. ಅಲ್ಲಿಯ ಗುರುಗಳು ಮೊದಲ ದಿನವೇ, "ಅಪ್ಪಾ, ನಾವು ಕೆಪ್ಪರಲ್ಲ, ಸಾವಕಾಶ ಹಾಡು" ಎಂದು ಕೈಮುಗಿದಿದ್ದರು. ಅಂದಿನಿಂದ ಸಾವಕಾಶ ಹಾಡುವುದನ್ನು ಕಲಿತು ಕಲಿತು ಈಗ ಕೊನೆಯ ವರ್ಷಕ್ಕೆ ಬಂದಿದ್ದ.

"ಮಾಮಾ, ಇದು ಬರೇ ಹಾಡೂದಲ್ಲ. ಹೆಂಗ ಕಲಸಬೇಕು ಅನ್ನೂದು. ಇದರಾಗ ಮಾನಸಶಾಸ್ತ್ರ ಐತಿ, ಪಾಠದ ಯೋಜನಾ ಐತಿ..."

"ಹೆಣ್ಣ ಐತೇನು? ಹಾಡಾ ಕಲಸಾಂವಗ ಯಾರ ಕೊಡತಾರಲೇ ಹೆಣ್ಣ? ಹುಡಿಗಿ ಅಪ್ಪ ಕೇಳತಾನ, ಅಳಿಯಾ ಏನ ಮಾಡತಾನ್ರಿ? ಸಾರಿಗಮ ಅಂತಾನ್ರಿ! ಥೂ!"

ಧನರಾಜನಿಗೆ ರೋಷ ಬಂತು. ರೋಷ ಬಂದಾಗ ಅವನು ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಿದ್ದ.

"ಬರೂ ಬೇಸ್ತವಾರ ನನ್ನ ಕಡೀ ಪಾಠದ ಪರೀಕ್ಷಾ ಐತಿ. ನಮ್ಮ ಓಣಿ ಸಾಲಿಯಾಗನ. ವಿದ್ಯಾಪೀಠದಿಂದ ನೂತನ ಮ್ಯಾಡಮ್ ನೋಡಾಕ ಬರತಾರ. ಇಡೀ ವರ್ಗ ನನ್ನ ಮುಂದ ಹಾಡತೈತಿ. ನೀನೂ ಬಂದು ಕುಂದರು, ಮಾಮಾ. ನಿನಗೂ ಕಲಸತೇನಿ!"

"ನನಗ?" ಬಾಳಗೊಂಡ ಎದ್ದೇ ನಿಂತ. "ನಿನ್ನ ಹಾಡಾ ಕೇಳಾಕ ನಾ ಈ ಮನಿ ಹೊಸ್ತಲಾ ತುಳಿಯೂದಿಲ್ಲ. ನಿಮ್ಮವ್ವ ಸತ್ತಳಂದ್ರ ಅಷ್ಟ ಬರತೇನಿ, ತಿಳಿ!"

ಅಕ್ಕಿ ಆರಿಸುತ್ತಿದ್ದ ಸಾವಕ್ಕ ತಲೆಯೆತ್ತದೆ ಅಂದಳು:

"ಬರೂ ಮುಂದ ತವರಮನಿ ಸೀರಿ ತರೂದ ಮರೀಬ್ಯಾಡೋ ತಮ್ಮಾ. ಬದುಕಿದ್ದಾಗ ಒಂದು ಕುಬಸದ ತುಂಡ ಸುದ್ಧಾ ತರಲಿಲ್ಲ ನೀ. ಹೆಣಕ್ಕರೆ ತಾ."

ಹೆಣ್ಣುಮಗಳು ಸತ್ತರೆ ಅವಳ ಮೈಮೇಲೆ ಹೊದಿಸಲು ಅಣ್ಣತಮ್ಮಂದಿರು ತವರಿನಿಂದ ಸೀರೆ ತರಬೇಕೆಂಬುದು ಆ ಕಡೆಯ ಪದ್ಧತಿ. ಬಾಳಗೊಂಡ ಚಪ್ಪಲಿ ಮೆಟ್ಟಿ ಹೋದ.

ಬೇಸ್ತವಾರ ಬೆಳಗಾಯಿತು.

ಗಡಹಿಂಗ್ಲಜದ ಯಲ್ಲೇಶ, ಧನರಾಜನ ಸಹಪಾಠಿ, ಪಾಠಕ್ಕೆ ತಬಲಾ ಸಾಥ್ ಕೊಡಲೆಂದು ಹಿಂದಿನ ದಿನವೇ ಬಂದು ಉಳಿದಿದ್ದ. ನಸುಕಿನಲ್ಲಿ ಇಬ್ಬರೂ ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಬಿಳಿ ಪೈಜಾಮ ತೊಟ್ಟು, ಹಾರ್ಮೋನಿಯಂ ಮುಂದಿಟ್ಟುಕೊಂಡು ಭೈರವ ರಾಗ ಹಿಡಿದರು. ಪಡಸಾಲೆಯ ಹೊರಸಿನ ಮೇಲೆ ಸಾವಕ್ಕ ಮಲಗಿದ್ದಳು. ನೆಗಡಿಯಾಗಿ ಗುಳಿಗೆ ನುಂಗಿದ್ದಳು. ಮೇಲಾಗಿ, "ನಿನ್ನ 'ಸಾ' ಶುರು ಆತಂದ್ರ ನನಗ ಎಂಥಾ ನಿದ್ದಿ ಬರತೈತಿ ಅಂತಿ!" ಎಂದು ಮಗನ ವಿದ್ಯೆಯನ್ನು ಮನಸಾರೆ ಹೊಗಳುವ ತಾಯಿ ಆಕೆ. ಬಿಳಿ ಚಾದರವನ್ನು ಕಾಲಿನಿಂದ ನೆತ್ತಿಯವರೆಗೆ ಎಳೆದುಕೊಂಡು ನೀಟಾಗಿ ಮಲಗಿದ್ದಳು.

ಆ ಓಣಿಯಲ್ಲಿ ಇಷ್ಟು ವರ್ಷ ಧನರಾಜ ಎಷ್ಟು ಹಾಡಿದರೂ ಯಾರಿಗೂ ಕೇಳಿರಲಿಲ್ಲ. ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ, ಮೇಲಿನ ಅಂತಸ್ತಿನಲ್ಲೂ ಮಗ್ಗ. ದೇವರು ಮನಸ್ಸು ಮಾಡಿದರೂ ಅಲ್ಲಿ ಬಂದು ಮಾತಾಡಲಾರ, ಕೈಸನ್ನೆ ಮಾಡಬೇಕು. ಆದರೆ ಅಂದು ಬೆಳಿಗ್ಗೆ, ಧನರಾಜ ಕೋಮಲ ರಿಷಭದ ಮೇಲೆ ನಿಂತು ಕರುಳು ಹಿಂಡುವಂತೆ ದನಿ ಎಳೆಯುತ್ತಿದ್ದಾಗ, ಕರೆಂಟು ಹೋಯಿತು.

ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಓಣಿಯಲ್ಲಿ ಹಾರ್ಮೋನಿಯಂ ಕೇಳಿತು.

ಎದುರುಮನೆಯ ಅಕ್ಕವ್ವ ನಳದ ಮುಂದೆ ಕೊಡ ಹಚ್ಚಿದ್ದಳು. ಹಲವು ದಿನಗಳ ಮೇಲೆ ಅಂದು ನೀರು ಬಂದಿತ್ತು. ಆಕೆ ಕಿವಿಗೊಟ್ಟಳು. ಮನೆಯೊಳಗೆ ಬೆಳಬೆಳಿಗ್ಗೆ ಹಾರ್ಮೋನಿಯಂ ಹಚ್ಚಿ ಅಳುವ ದನಿಯಲ್ಲಿ ಹಾಡುವುದು ಯಾವಾಗ? ಹೆಣ ಮಲಗಿಸಿ ಭಜನೆಗೆ ಕೂತಾಗ. ಆಕೆ ಕತ್ತು ಉದ್ದ ಮಾಡಿ ಕಿಟಕಿಯಲ್ಲಿ ಇಣುಕಿದಳು. ಹೊರಸಿನ ಮೇಲೆ ನೆತ್ತಿಯವರೆಗೆ ಬಿಳಿ ಬಟ್ಟೆ. ತಲೆದೆಸೆಗೆ ವಿಭೂತಿ ಹಚ್ಚಿದ ಇಬ್ಬರು. ಕಣ್ಣು ಮುಚ್ಚಿ, ಕೈ ಚಾಚಿ ಹಾಡುತ್ತಿದ್ದಾರೆ. ಇಷ್ಟು ನೋಡಿಯೂ ಅನುಮಾನ ಪಡುವಷ್ಟು ಕೆಟ್ಟ ಮನಸ್ಸು ಅಕ್ಕವ್ವನದಲ್ಲ.

"ಅಯ್ಯಯ್ಯೋ, ಸಾವಕ್ಕ ಹೋದಳಲ್ಲೋ!"

ನೀವು ಕೇಳಬಹುದು, ಒಳಗೆ ಹೋಗಿ ನೋಡಬಾರದಿತ್ತೇ ಎಂದು. ಹೋಗಬಹುದಿತ್ತು. ಆದರೆ ಸತ್ತವರ ಮನೆ ಹೊಕ್ಕರೆ ತಲೆಮೇಲೆ ನೀರು ಹಾಕಿಕೊಳ್ಳುವತನಕ ಕೊಡ ಮುಟ್ಟುವಂತಿಲ್ಲ. ಹಾಕಿಕೊಳ್ಳುವಷ್ಟರಲ್ಲಿ ನಳ ನಿಂತಿರುತ್ತದೆ. ಮತ್ತೆ ಯಾವಾಗ ಬರುತ್ತದೋ ನಗರಪಾಲಿಕೆಗೂ ಗೊತ್ತಿಲ್ಲ. ಸಾವಕ್ಕ ಹೇಗೂ ಎಲ್ಲಿಗೂ ಹೋಗುವುದಿಲ್ಲ, ನೀರು ಹೋಗುತ್ತದೆ. ಓಣಿಯ ಪ್ರತಿ ಮನೆಯಲ್ಲಿಯೂ ಇದೇ ವಿಚಾರ ನಡೆದು ಇದೇ ತೀರ್ಮಾನವಾಯಿತು. ಎಲ್ಲರೂ ಕಣ್ಣೀರು ಒರೆಸುತ್ತ ಕೊಡ ತುಂಬಿದರು, ಬ್ಯಾರೆಲ್ ತುಂಬಿದರು, ಕೊನೆಗೆ ಬೋಗುಣಿ, ತಂಬಿಗೆ, ಕುಕ್ಕರ್ ಸಹ ತುಂಬಿದರು. ಒಬ್ಬರೂ ಹೊಸ್ತಿಲು ದಾಟಲಿಲ್ಲ. ನಡುವೆ ಸಾವಕ್ಕ ಒಮ್ಮೆ ಎದ್ದು, ಚಹಾ ಕುಡಿದು, ಮತ್ತೆ ಮುಸುಕೆಳೆದು ಮಲಗಿದ್ದು ಯಾರಿಗೂ ತಿಳಿಯಲಿಲ್ಲ.

ಕೈಗೆ ನೀರಿನ ಕೆಲಸವಿದ್ದರೂ ಬಾಯಿ ಖಾಲಿಯಿತ್ತಲ್ಲ. ಸುದ್ದಿ ಹರಡಿತು. ಅಕ್ಕವ್ವ ಬಾಳಗೊಂಡನಿಗೆ ಫೋನು ಹಚ್ಚಿದಳು. ಕರೆಂಟು ಮರಳಿ ಬಂದರೂ ಮಾಲಕರು, "ಇವತ್ತ ಓಣಿಯಾಗ ದುಃಖ ಐತಿ, ಮಗ್ಗ ಬಂದ್" ಎಂದರು. ಮುಂದಿನ ಚುನಾವಣೆಗೆ ನಗರಸೇವಕನಾಗಲು ನಿಂತ ಅಜಿಂಕ್ಯ ಎಂಬ ತರುಣ, ಸುದ್ದಿ ಪೂರ್ತಿ ಕೇಳುವ ಮೊದಲೇ ಫ್ಲೆಕ್ಸ್ ಅಂಗಡಿಗೆ ಗಾಡಿ ಓಡಿಸಿದ.

ಇದಾವುದರ ಅರಿವಿಲ್ಲದೆ ಧನರಾಜ ಮತ್ತು ಯಲ್ಲೇಶ ಹಿತ್ತಲ ಸಂದಿಯಲ್ಲಿ ರಿಕ್ಷಾ ಹಿಡಿದು, ಹಾರ್ಮೋನಿಯಂ ತಬಲಾ ಹೇರಿಕೊಂಡು ಶಾಲೆಗೆ ಹೋದರು. ಗೇಟಿನಿಂದ ಮಕ್ಕಳು ಕಟ್ಟೆಯೊಡೆದ ನೀರಿನಂತೆ ಹೊರಗೆ ನುಗ್ಗುತ್ತಿದ್ದರು.

"ಸುಟ್ಟೀ! ಸುಟ್ಟೀ!"

"ಏ, ಎಂಥಾ ಸುಟ್ಟಿ? ನನ್ನ ಪಾಠ ಐತಿ! ನಿಲ್ಲ್ರಿ!" ಧನರಾಜ ಎರಡೂ ಕೈ ಅಗಲಿಸಿ ನಿಂತ. ಮಕ್ಕಳು ಅವನ ಕಂಕುಳ ಕೆಳಗಿನಿಂದ ಓಡಿದರು.

ಹೆಡ್ ಮಾಸ್ತರರು ಬಂದವರೇ ಅವನನ್ನು ಅಪ್ಪಿಕೊಂಡರು. "ಧನರಾಜ! ಆಜಚ್ಯಾ ದಿವಶೀ ಸುದ್ಧಾ ಆಲಾಸ? ಇಂಥಾ ದಿನಾನೂ ಪಾಠಕ್ಕ ಬಂದೀ? ಎಂಥಾ ನಿಷ್ಠಾ!"

"ಇವತ್ತ ಬರದ ಮತ್ತ್ಯಾವಾಗ ಬರೂದ್ರಿ ಸರ? ಮ್ಯಾಡಮ್ ಬರತಾರ."

"ನಿಮ್ಮವ್ವ ಈ ಸಾಲಿ ಹುಡುಗರಿಗೆ ಎಷ್ಟ ವರ್ಷ ಖಿಚಡಿ ಮಾಡಿ ಹಾಕ್ಯಾಳ. ಅದಕ್ಕ ಸುಟ್ಟಿ ಕೊಟ್ಟೆ. ಎರಡು ಮಿನಿಟು ಮೌನನೂ ಮಾಡಿದ್ವಿ."

"ಖಿಚಡಿ ಮಾಡಿದ್ದಕ್ಕ ಈಗ್ಯಾಕ ಮೌನಾ?" ಎಂದು ಧನರಾಜ ಕಣ್ಣು ಬಿಟ್ಟ. ಯಲ್ಲೇಶ ಅವನ ಅಂಗಿ ಜಗ್ಗಿ ಚೌಕದ ಕಡೆ ಬೆರಳು ಮಾಡಿದ.

ಎರಡು ಕಂಬಗಳ ನಡುವೆ ಹೊಸ ಫ್ಲೆಕ್ಸ್ ಏರಿತ್ತು. 'ಭಾವಪೂರ್ಣ ಶ್ರದ್ಧಾಂಜಲಿ.' ಕೆಳಗೆ ಸಾವಕ್ಕನ ಫೋಟೋ, ಖಿಚಡಿಯ ಸೌಟು ಅರ್ಧ ಕತ್ತರಿಸಿ ಹೋಗಿತ್ತು. ಪಕ್ಕದಲ್ಲಿ ಅವಳಿಗಿಂತ ಎರಡು ಪಟ್ಟು ದೊಡ್ಡದಾಗಿ, ತಂಪುಕನ್ನಡಕ ಹಾಕಿ, ಶೋಕದಲ್ಲಿ ಕೈಜೋಡಿಸಿದ ಅಜಿಂಕ್ಯ.

ಧನರಾಜ ಫೋಟೋವನ್ನೇ ನೋಡಿದ. ಬೆಳಿಗ್ಗೆ ಮಲಗಿದ್ದಳಲ್ಲ! ತಾನು ಹಾಡುತ್ತಿದ್ದಾಗಲೇ...? ಮನೆಗೆ ಫೋನು ಹಚ್ಚಿದ.

"ಯಾರ?" ಎಂದಿತು ಫೋನು.

"ಅವ್ವಾ! ನೀ... ನೀ ಅದೀ?"

"ನಾ ಇಲ್ಲದ ನನ್ನ ಫೋನ ಯಾರ ಎತ್ತತಾರೋ? ಲಗೂನ ಬಾ. ನಿಮ್ಮ ಮಾಮಾ ಟೆಂಪೋ ತುಂಬ ಮಂದೀನ ಕರಕೊಂಡು ಬಂದಾನ. ಓಣಿ ಮಂದೀನೂ ಕುಂತೈತಿ. ಚಾಪುಡಿ ಸಾಲೂದಿಲ್ಲ, ತಗೊಂಡು ಬಾ. ಮತ್ತ, ಧನ್ಯಾ, ಸೀರಿ ತಂದಾನ!"

ಆಗಿದ್ದಿಷ್ಟು. ಬಾಳಗೊಂಡ ಓಣಿಯ ತುದಿಯಿಂದಲೇ ಎದೆ ಬಡಿದುಕೊಳ್ಳುತ್ತ ಬಂದು, "ಅಕ್ಕಾ, ನನ್ನ ಬಿಟ್ಟು ಹೋದ್ಯಾ" ಎಂದು ಹೊರಸಿನ ಮೇಲೆ ಬಿದ್ದಿದ್ದ. ಚಾದರದ ಒಳಗಿನಿಂದ, "ಮೈಮ್ಯಾಲ ಬೀಳಬ್ಯಾಡಲೇ, ನೆಗಡಿ ಹತ್ತತೈತಿ. ಸೀರಿ ತಂದೀಯೋ ಇಲ್ಲೋ?" ಎಂದು ದನಿ ಬಂದಿತ್ತು. ಬಾಳಗೊಂಡ ಹಿಂದಕ್ಕೆ ಹಾರಿ ಅಕ್ಕವ್ವನ ಮೇಲೆ ಬಿದ್ದ. ಅಕ್ಕವ್ವ, ಆಗಷ್ಟೇ ನೀರು ತುಂಬಿ ಮುಗಿಸಿ ಅಳಲು ಬಂದವಳು, ಓಣಿಯವರ ಮೇಲೆ ಬಿದ್ದಳು.

ಧನರಾಜ ಫೋನು ಕಿವಿಯಿಂದ ತೆಗೆಯುವಷ್ಟರಲ್ಲಿ ನೂತನ ಮ್ಯಾಡಮ್ ರಿಕ್ಷಾದಿಂದ ಇಳಿದರು. ಖಾಲಿ ಶಾಲೆಯನ್ನೂ, ಗೇಟಿಗೆ ಕೀಲಿ ಹಾಕುತ್ತಿದ್ದ ಹೆಡ್ ಮಾಸ್ತರರನ್ನೂ ನೋಡಿದರು. ನಿಪ್ಪಾಣಿ ಕಡೆ ತವರು, ಕನ್ನಡ ಬರುತ್ತಿತ್ತು.

"ವರ್ಗ ಎಲ್ಲೈತಿ, ಧನರಾಜ?"

"ಮ್ಯಾಡಮ್, ನಮ್ಮವ್ವ ಸತ್ತಾಳಂತ ಸುಟ್ಟಿ ಕೊಟ್ಟಾರ್ರಿ. ಆದ್ರ ಆಕಿ ಸತ್ತಿಲ್ಲರಿ."

ಮ್ಯಾಡಮ್ ಮುಖದಲ್ಲಿ ದುಃಖ ಅರ್ಧಕ್ಕೆ ಬಂದು ನಿಂತಿತು. "ನೋಡಪ್ಪಾ, ಸತ್ತಾರೋ ಇಲ್ಲೋ ಅದು ನಿಮ್ಮ ಮನಿ ವಿಷಯ. ಹಾಡೂ ವರ್ಗ ಇಲ್ಲಂದ್ರ ಪಾಠ ಇಲ್ಲ. ಪಾಠ ಇಲ್ಲಂದ್ರ ನಾ ಗೈರುಹಾಜರಿ ಬರೀಬೇಕಾಗತೈತಿ. ಮತ್ತ ಮುಂದಿನ ವರ್ಷನ."

ಮುಂದಿನ ವರ್ಷ! ಇನ್ನೊಂದು ವರ್ಷ ಆ ಬಸ್ಸು, ಆ ಮಗ್ಗ, ಮಾಮಾನ ಆ ಬಾಯಿ. ಧನರಾಜನ ತಲೆಯಲ್ಲಿ ಹೊಗೆ ಎದ್ದಿತು. ಹಾರ್ಮೋನಿಯಂ ಹೆಗಲಿಗೇರಿಸಿದ.

"ವರ್ಗ ಐತ್ರಿ, ಮ್ಯಾಡಮ್. ಸಾಲು ಹಿಡಿದು ಕುಂತೈತಿ. ಬರ್ರಿ ನನ್ನ ಹಿಂದ."

ಮನೆಯಂಗಳದಲ್ಲಿ ಜಗಳ ರಂಗೇರಿತ್ತು. ಅಳಲು ಬಂದವರಿಗೆ ಅಳುವ ಕಾರಣವಿಲ್ಲದಾಗಿ ಮೋಸ ಹೋದಂತಾಗಿತ್ತು.

"ಮಗ್ಗ ಬಂದ್ ಮಾಡಿ ಬಂದೇವ್ರಿ ನಾವು! ಇದೇನ ಚೇಷ್ಟಾ?"

"ನಾ ತೆಲಿಮ್ಯಾಲ ನೀರ ಹಾಕ್ಕೋಳಾಕ ಒಂದು ಕೊಡ ಬ್ಯಾರೇನ ಇಟ್ಟೇನಿ," ಎಂದು ಅಕ್ಕವ್ವ ಗೊಣಗಿದಳು. "ಅದನ್ನ ಈಗ ಏನ ಮಾಡ್ಲಿ?"

ಅಜಿಂಕ್ಯ ಕೈ ಹೊಸೆಯುತ್ತ ನಿಂತಿದ್ದ. "ಆಜಿ, ಫ್ಲೆಕ್ಸ್ ತಗಸ್ಲೇನ್ರಿ?"

"ಇರಲಿ ಬಿಡೋ, ಫೋಟೋ ಚಲೋ ಬಂದೈತಿ ಅಂತ ಹೇಳಾಕತ್ತಾರ. ಆದ್ರ ನಿಂದ್ಯಾಕ ಅಷ್ಟ ದೊಡ್ಡದೈತಿ? ಸತ್ತಾಕಿ ನಾನೋ ನೀನೋ?"

ಬಾಳಗೊಂಡ ಸೀರೆಯ ಒಂದು ತುದಿ ಹಿಡಿದಿದ್ದ, ಸಾವಕ್ಕ ಇನ್ನೊಂದು.

"ಸತ್ತಿಲ್ಲಂದ್ರ ಸೀರಿ ವಾಪಸ್ ಕೊಡ, ಅಕ್ಕಾ. ಅಂಗಡ್ಯಾಂವಗ ತಿರುಗಿ ಕೊಡತೇನಿ."

"ತವರಮನಿ ಸೀರಿ ಒಮ್ಮೆ ಹೊಸ್ತಲಾ ದಾಟಿ ಬಂದ್ರ ನಂದು. ಬಿಡಲೇ!"

"ಹೆಣದ ಸೀರಿ ಅದು! ಉಡಬಾರದು!"

"ಸತ್ತ ಮ್ಯಾಲ ಉಟ್ಟರ ನನಗೇನ ಕಾಣತೈತಿ? ಈಗ ಉಡತೇನಿ, ಕಣ್ಣತುಂಬ ನೋಡತೇನಿ!" ಎಂದು ಒಮ್ಮೆ ಜಗ್ಗಿದಳು. ಕುರಿ ಹಿಡಿದು ಪಳಗಿದ ಕೈಯಿಂದ ಸೀರೆ ಜಾರಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಹೊತ್ತಿಗೆ ಧನರಾಜ ಅಂಗಳದ ನಡುವೆ ಹಾರ್ಮೋನಿಯಂ ಇಳಿಸಿದ. ಕಟ್ಟೆಯ ಮೇಲೆ ಮ್ಯಾಡಮ್‌ರನ್ನು ಕೂರಿಸಿದ.

"ಎಲ್ಲಾರೂ ಕುಂದರ್ರಿ."

"ಯಾಕ ಕುಂದರೂದು? ನಾವ ಹೊಂಟೇವಿ," ಎಂದಿತು ಗುಂಪು.

"ಎಲ್ಲಿ ಹೊಂಟೀರಿ?" ಧನರಾಜ ಅಂಗಳದ ಬಾಗಿಲಿಗೆ ಅಡ್ಡ ನಿಂತ. ದನಿ ಮಗ್ಗದ ದನಿಯಾಗಿತ್ತು. "ಯಾರ ಹೇಳಿದ್ರು ನಿಮಗ ನಮ್ಮವ್ವನ್ನ ಸಾಯಸಾಕ? ನನ್ನ ಸಾಲಿಗೆ ಸುಟ್ಟಿ ಕೊಡಿಸಿದವರ ಯಾರ? ನೀವ! ಸಂಜೀತನಕ ನಮ್ಮ ಮನಿಯಾಗ ಕುಂತು ಅಳಬೇಕಂತ ಬಂದೀರಿ ಇಲ್ಲೋ? ಅಳೂದ ತಪ್ಪಿತು. ಆ ವ್ಯಾಳ್ಯಾ ನಂದು. ಹಾಡದ ಒಬ್ಬರೂ ಈ ಹೊಸ್ತಲಾ ದಾಟೂಹಂಗಿಲ್ಲ. ಕುಂದರ್ರಿ!"

ಅಕ್ಕವ್ವ ಮೊದಲು ಕುಳಿತಳು. ಆಕೆಗೆ ಸ್ವಲ್ಪ ತಪ್ಪಿನ ಅರಿವಿತ್ತು. ಅವಳ ಹಿಂದೆ ಮಗ್ಗದವರು, ಟೆಂಪೋದವರು, ಅಜಿಂಕ್ಯ. ಬಾಳಗೊಂಡ ಮಾತ್ರ ಕಂಬಕ್ಕೆ ಒರಗಿ ಬೆನ್ನು ತಿರುಗಿಸಿ ನಿಂತ.

ಧನರಾಜ ಗಂಟಲು ಸರಿಪಡಿಸಿಕೊಂಡ. ಮ್ಯಾಡಮ್ ಪೆನ್ನು ತೆಗೆದರು. ಪಾಠವನ್ನು ಅವನು ಚಿಕ್ಕ ಮಕ್ಕಳಿಗೆಂದು ಬಾಯಿಪಾಠ ಮಾಡಿದ್ದ. ಭಯದಲ್ಲಿ ಅದರ ಒಂದು ಅಕ್ಷರವೂ ಬದಲಾಗಲಿಲ್ಲ.

"ಮಕ್ಕಳೇ, ಕೈಕಟ್ಟಿ ನೆಟ್ಟಗೆ ಕೂತುಕೊಳ್ಳಿ."

ಬಿಳಿ ಟೋಪಿ, ನರೆತ ಮೀಸೆಯ ಮಕ್ಕಳು ತಮಗರಿವಿಲ್ಲದೆ ಕೈಕಟ್ಟಿದರು.

"ಮಕ್ಕಳೇ, ಇಂದು ಬರುವಾಗ ದಾರಿಯಲ್ಲಿ ಏನೇನು ನೋಡಿದಿರಿ?"

"ಸಾವಕ್ಕನ ಫ್ಲೆಕ್ಸ್!" ಇಡೀ ವರ್ಗ ಒಂದೇ ಬಾಯಲ್ಲಿ.

ಮ್ಯಾಡಮ್ ಕೆಮ್ಮಿದರು. ಧನರಾಜ ಬೆವರೊರೆಸಿ 'ಸಾ' ಹಿಡಿದ. ವರ್ಗವೂ ಹಿಡಿಯಿತು. ಜೀವಮಾನವೆಲ್ಲ ಮಗ್ಗದ ಮೇಲಿಂದ ಒದರಿದ ಗಂಟಲುಗಳು. ಅಂಗಳದ ಬೇವಿನ ಮರದಿಂದ ಕಾಗೆಗಳು ಎದ್ದು ಹೋದವು.

"ಸಾವಕಾಶ! ಇಲ್ಲಿ ಮಗ್ಗ ಇಲ್ಲ, ನಾವು ಕೆಪ್ಪರಲ್ಲ," ಎಂದ ಧನರಾಜ. ಹಾಗೆಂದ ಕೂಡಲೇ ತನ್ನ ಗುರುಗಳ ಮುಖ ಕಣ್ಣಮುಂದೆ ಬಂದು, ಕೈ ಕೊಂಚ ಮೆತ್ತಗಾಯಿತು. ಮತ್ತೆ ಸಾ. ಮತ್ತೆ. ನಾಲ್ಕಾರು ಸುತ್ತು ಆಗುವಷ್ಟರಲ್ಲಿ ಒದರಾಟ ದನಿಯಾಯಿತು. ರೀ ಮೇಲೂ ಹೇಗೋ ಏರಿ ಕುಳಿತರು. ಮುಂದೆ ಬಂದದ್ದು ಗಾ.

"ಮಕ್ಕಳೇ, ಹಿಂದಿನವರು ಒಂದೊಂದು ಸ್ವರಕ್ಕೆ ಒಂದೊಂದು ಪ್ರಾಣಿಯ ದನಿ ಹೇಳಿದ್ದಾರೆ. ಗಾಂಧಾರ ಆಡಿನದು. ಯಲ್ಲೇಶ, ತೋರಿಸು."

ಯಲ್ಲೇಶ ತಬಲಾ ಬಿಟ್ಟು, ಕಣ್ಣು ಮುಚ್ಚಿ, "ಮ್ಯಾ" ಎಂದ. ಬೆಕ್ಕಿನ ಬಾಲ ತುಳಿದಂತೆ ಕೇಳಿತು.

ಕಂಬದ ಬಳಿ ಬೆನ್ನು ನಡುಗಿತು. ಬಾಳಗೊಂಡ ತಡೆದುಕೊಂಡ. ಯಲ್ಲೇಶ ಇನ್ನೊಮ್ಮೆ, "ಮ್ಯಾ."

"ಥೂ! ಆಡ ಹಂಗ ಒದರತೈತೇನಲೇ?" ಬಾಳಗೊಂಡ ಗರ್ರನೆ ತಿರುಗಿದ. "ಇಲ್ಲಿ ಕೇಳ!" ಎಂದು ಎದೆಯುಬ್ಬಿಸಿ ಬಾಯಿ ತೆರೆದ. "ಮ್ಯಾ...!"

ವರ್ಗ ತಲೆದೂಗಿತು. ಓಣಿಯ ಯಾರದೋ ಹಿತ್ತಲಿನಿಂದ ಒಂದು ಆಡು ಉತ್ತರವನ್ನೂ ಕೊಟ್ಟಿತು. ಬಾಳಗೊಂಡ ಗೆದ್ದವನಂತೆ ಮೀಸೆ ಮುಟ್ಟಿಕೊಂಡ.

ಧನರಾಜ ಹಾರ್ಮೋನಿಯಂ ಮೇಲೆ ಗಾ ಒತ್ತಿ ಹಿಡಿದ. "ಆಡಿಂದ ಬರಾಬರ ಐತಿ, ಮಾಮಾ. ಆದ್ರ ಸ್ವರ ಚುಕ್ಯಾತಿ. ಇಳದೈತಿ. ಇನ್ನೊಮ್ಮೆ."

"ಏನಂದಿ? ನನ್ನ ಮ್ಯಾ ಚುಕ್ಯಾತಿ?"

"ಹೌದು. ಇದನ್ನ ಕೇಳು. ಇದರ ಮ್ಯಾಲ ಕುಂದರಬೇಕು."

"ಮ್ಯಾ..."

"ಇನ್ನೂ ಮ್ಯಾಲ. ಗಂಟಲಾ ಬಿಗೀಬ್ಯಾಡ. ನಿನ್ನ ಹಿಂಡಿನಾಗ ಒಂದು ಮರಿ ಕಳದೈತಿ, ಅದರವ್ವ ಕರ್ಯಾಕತ್ತೈತಿ. ಬೈಯೂದಲ್ಲ, ಕರಿಯೂದು. ಹೂಂ."

ಬಾಳಗೊಂಡ ಬೈಯಲು ಬಾಯಿ ತೆರೆದವನು ಯಾಕೋ ಬೈಯಲಿಲ್ಲ. ಹುಬ್ಬು ಗಂಟಿಕ್ಕಿ, ಹಾರ್ಮೋನಿಯಂನ ದನಿಗೆ ಕಿವಿಯಾನಿಸಿದ. ಮೆಲ್ಲಗೆ ಅಂದ. ತಪ್ಪಿತು. ಮತ್ತೆ ಅಂದ. ಹತ್ತಿರ ಬಂತು. ಧನರಾಜನ ಕೈ ಅವನ ಮುಂದೆ ಕೂದಲೆಳೆಯಷ್ಟು ಮೇಲೇರಿತು.

"ಮ್ಯಾ..."

ಈ ಸಲ ಅದು ಹಾರ್ಮೋನಿಯಂನ ದನಿಯೊಳಗೆ ಹೋಗಿ ಸೇರಿಕೊಂಡು ಕಾಣದಾಯಿತು. ಅವನೂ ಅದನ್ನು ಕೇಳಿಸಿಕೊಂಡ. ಕಣ್ಣು ಅಗಲವಾಗಿ, ಉಸಿರು ಮುಗಿಯುವತನಕ ಬಿಡಲಿಲ್ಲ. ಹಿಂದಿನಿಂದ ವರ್ಗ ಕೂಡಿಕೊಂಡಿತು, ಯಲ್ಲೇಶನ ತಬಲಾ ಎದ್ದಿತು, ಸಾ ರೀ ಗಾ ಎಂದು ಅಂಗಳ ಏರಿ ಇಳಿಯಿತು.

ಬಾಗಿಲು ತೆರೆಯಿತು. ಹೊಸ ಸೀರೆಯುಟ್ಟ ಸಾವಕ್ಕ ಹೊಸ್ತಿಲ ಮೇಲೆ ನಿಂತು, ಸೆರಗು ಸರಿಪಡಿಸಿಕೊಂಡಳು.

"ಆಡಿಗೆ ಯಾರ ಕಲಿಸ್ಯಾರೋ ನನಗ ಗೊತ್ತಿಲ್ಲ. ಬಾಳಗೊಂಡಗ ಮ್ಯಾ ಅನ್ನಾಕ ನನ್ನ ಮಗಾ ಕಲಿಸಿದ!"

ಅಂಗಳ ನಕ್ಕಿತು. ಬಾಳಗೊಂಡ ನಗಲಿಲ್ಲ; ಇನ್ನೂ ಬಾಯೊಳಗೇ ಗಾ ಹಿಡಿದು ನೋಡುತ್ತಿದ್ದ.

ಮ್ಯಾಡಮ್ ಪೆನ್ನು ಎತ್ತಿದರು. "ವರ್ಗ ಹಾಡಿತು. ಹಾಡಿದ್ದಕ್ಕ ನಾ ಗೈರುಹಾಜರಿ ಬರ್ಯಾಕ ಆಗೂದಿಲ್ಲ. ಬೇಕಾದವರು ಬಂದು ನನ್ನ ಕೇಳಲಿ. ಆದ್ರ ಎಷ್ಟನೇ ವರ್ಗ ಅಂತ ಬರೀಲಿ?"

"ಒಂದನೇದು ಅಂತ ಬರೀರಿ ಬಾಯಾರ," ಎಂದಳು ಸಾವಕ್ಕ. "ಇವರಿಗ್ಯಾರಿಗೂ ಏನೂ ಬರೂದಿಲ್ಲ."

ಚಹಾ ಆಯಿತು. ಮ್ಯಾಡಮ್ ಹೋದರು. ಟೆಂಪೋ ಹತ್ತಿದ ಬಾಳಗೊಂಡ ಮತ್ತೆ ಇಳಿದು ಬಂದು, ಅತ್ತಿತ್ತ ನೋಡಿ, ಧನರಾಜನ ಕಿವಿಯಲ್ಲಿ ಕೇಳಿದ:

"ಮುಂದಿನ ಸ್ವರ ಯಾವ ಪ್ರಾಣೀದೋ?"

"ಯಾಕ ಮಾಮಾ? ನೀ ಅವ್ವ ಸತ್ತರಷ್ಟ ಬರತೇನಿ ಅಂದಿದ್ದಿ."

"ಅದಕ್ಕೇನ, ದೀಪಾವಳಿಗೆ ಮತ್ತ ಸಾಯತೇನಿ ತಗೋ," ಎಂದಳು ಒಳಗಿನಿಂದ ಸಾವಕ್ಕ. "ಆದ್ರ ಆಗ ಇಳಕಲ್ಲ ಸೀರಿ ತರಬೇಕು. ಇದು ಭಾಳ ತೆಳ್ಳಗೈತಿ."

ಟೆಂಪೋ ಹೊರಟಿತು. ಮಗ್ಗದವರು ಮರಳಿದರು, ಒಂದು ಮಗ್ಗ ಖಟ್ ಎಂದಿತು, ಹಿಂದೆಯೇ ಇನ್ನೊಂದು, ಕ್ಷಣದಲ್ಲಿ ಇಡೀ ಓಣಿ. ಧನರಾಜ ಹಾರ್ಮೋನಿಯಂ ಮುಂದೆ ಕುಳಿತು ಮತ್ತೆ ಸಾ ಹಿಡಿದ. ಯಾರಿಗೂ ಕೇಳಲಿಲ್ಲ. ಸಾವಕ್ಕ ಹೊಸ ಸೀರೆಯಲ್ಲೇ ಹೊರಸಿನ ಮೇಲೆ ಅಡ್ಡಾಗಿ, ಬಿಳಿ ಚಾದರವನ್ನು ನೆತ್ತಿಯವರೆಗೆ ಎಳೆದುಕೊಂಡಳು.

ಬೇರೆ ತೆಗೆದಿಟ್ಟಿದ್ದ ಆ ಕೊಡ ಸೊಂಟದ ಮೇಲೆ ಹೊತ್ತು ಹೋಗುತ್ತಿದ್ದ ಅಕ್ಕವ್ವ ಕಿಟಕಿಯ ಬಳಿ ನಿಂತಳು. ಒಳಗೆ ನೋಡಿದಳು. ಕೊಡ ಕಟ್ಟೆಯ ಮೇಲಿಟ್ಟಳು. ಹೊಸ್ತಿಲು ದಾಟಿ ಬಂದು, ಎರಡು ಬೆರಳಲ್ಲಿ ಚಾದರದ ಅಂಚು ಎತ್ತಿ, ಗೊರಕೆ ಕೇಳಿದಳು. ಮತ್ತೆ ಹೊದಿಸಲಿಲ್ಲ. ಗದ್ದದ ಕೆಳಗೆ ಮಡಚಿ, ಮುಖ ಕಾಣುವಂತೆ ಬಿಟ್ಟು, ಕೊಡ ಎತ್ತಿಕೊಂಡು ಹೋದಳು.